ಅಂಚಿನಲ್ಲಿ ಚಲಿಸುವ ಬಣ್ಣ: ಅಮೂರ್ತ ಟ್ಯಾಪೆಸ್ಟ್ರಿಯೊಂದನ್ನು ನೇಯುವ ಬಗೆ

ಕಾಸರಗೋಡಿನ ಕೈಮಗ್ಗದಲ್ಲಿ ಸೀರೆ ನೇಯುವವರು ಲಾಳಿಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಪೂರ್ತಿಯಾಗಿ ಓಡಿಸುತ್ತಾರೆ. ಹೊಕ್ಕಿನ ಎಳೆ, ಅಂದರೆ ಅಡ್ಡಲಾಗಿ ಓಡುವ ನೂಲು, ಬಟ್ಟೆಯ ಇಡೀ ಅಗಲವನ್ನು ದಾಟಿ ಮರಳುತ್ತದೆ. ಗೋಡೆಗೆ ತೂಗುಹಾಕುವ ಚಿತ್ರಬಟ್ಟೆಯಾದ ಟ್ಯಾಪೆಸ್ಟ್ರಿಯ ನೇಯ್ಗೆಯಲ್ಲಿ ಒಂದೊಂದು ಬಣ್ಣದ ಎಳೆಯೂ ತನಗೆ ಗೊತ್ತುಮಾಡಿದ ಜಾಗದೊಳಗೆ ಮಾತ್ರ ಹೋಗಿ ಬರುತ್ತದೆ, ಎಲ್ಲೆ ಮುಟ್ಟಿದೊಡನೆ ಹಿಂದಿರುಗುತ್ತದೆ, ಮತ್ತು ಉದ್ದಕ್ಕೆ ಬಿಗಿದ ಹಾಸಿನ ಎಳೆ ಒಂದೂ ಹೊರಗೆ ಕಾಣದಂತೆ ಅದನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಟ್ಯಾಪೆಸ್ಟ್ರಿಯಲ್ಲಿ ನಮ್ಮ ಕಣ್ಣಿಗೆ ಬೀಳುವುದೆಲ್ಲ ಹೊಕ್ಕಿನ ಬಣ್ಣವೇ. ಚಿತ್ರವು ಬಟ್ಟೆಯ ಮೇಲೆ ಬರೆದದ್ದಾಗಿರದೆ ಬಟ್ಟೆಯೊಡನೆಯೇ ಬೆಳೆದದ್ದಾಗಿರುತ್ತದೆ, ಮತ್ತು ಪಕ್ಕಪಕ್ಕದ ಎರಡು ಬಣ್ಣಗಳು ಎಲ್ಲಿ, ಹೇಗೆ ಸಂಧಿಸಬೇಕೆಂಬುದನ್ನು ನೇಯುವವರು ಒಂದೊಂದು ಸಾಲಿನಲ್ಲೂ ತೀರ್ಮಾನಿಸುತ್ತ ಹೋಗಬೇಕಾಗುತ್ತದೆ.

ಈ ಲೇಖನ ಹೇಳಹೊರಟಿರುವುದು ಆ ತೀರ್ಮಾನಗಳ ಬಗ್ಗೆ. ಅಮೂರ್ತ ಟ್ಯಾಪೆಸ್ಟ್ರಿಯಲ್ಲಿ ಚಲನೆ ಬರಬೇಕಾದರೆ ಓರೆಗೆರೆ, ಸುರುಳಿ, ಅಲೆಗಳನ್ನು ಬರೆದರೆ ಸಾಕೆಂದು ಹೊಸಬರು ಭಾವಿಸುತ್ತಾರೆ. ಅಲೆಯನ್ನು ಬರೆದೂ ನಿಶ್ಚಲವಾಗಿರುವ ಗೋಡೆಬಟ್ಟೆಗಳು ಬೇಕಾದಷ್ಟಿವೆ; ಬರಿಯ ನೇರ ಪಟ್ಟಿಗಳಿದ್ದೂ ಕಣ್ಣನ್ನು ಒಂದೆಡೆ ನಿಲ್ಲಗೊಡದ ಕೃತಿಗಳೂ ಇವೆ. ವ್ಯತ್ಯಾಸವಿರುವುದು ಅಂಚುಗಳಲ್ಲಿ. ಕಣ್ಣು ಹರಿತವಾದ ಅಂಚಿನಲ್ಲಿ ತಡೆಯುತ್ತದೆ, ಮಸುಕಾದ ಅಂಚಿನಲ್ಲಿ ಜಾರಿಕೊಂಡು ಮುಂದೆ ಹೋಗುತ್ತದೆ. ತಡೆಯುವ ಮತ್ತು ಜಾರುವ ಈ ಎರಡನ್ನು ಯೋಜಿಸಿ ಇಟ್ಟರೆ ಬಣ್ಣ ತಾನಾಗಿ ನಡೆಯತೊಡಗುತ್ತದೆ. ಕೆಳಗಿನ ಕ್ರಮವನ್ನು 12 ಅಂಗುಲ ಅಗಲ, 16 ಅಂಗುಲ ಎತ್ತರದ ಒಂದು ಸಣ್ಣ ಕೃತಿಗೆ ಹೊಂದುವಂತೆ ವಿವರಿಸಿದ್ದೇನೆ. ಮಗ್ಗವಿಲ್ಲದವರೂ ಒಂದು ಮರದ ಚೌಕಟ್ಟಿನಲ್ಲಿ ಇದನ್ನು ನೇಯಬಹುದು.

ಮೊದಲು ನೋಡುವುದು

ಅಮೂರ್ತ ಎಂದ ಮಾತ್ರಕ್ಕೆ ಶೂನ್ಯದಿಂದ ಆರಂಭಿಸಬೇಕೆಂದಿಲ್ಲ. ಕಣ್ಣೆದುರಿನ ಒಂದು ವಸ್ತುವಿನಿಂದ ಅದರ ಹೆಸರನ್ನು ಕಳಚಿ, ಬಣ್ಣ ಮತ್ತು ಅಂಚುಗಳನ್ನಷ್ಟೇ ಉಳಿಸಿಕೊಳ್ಳುವುದು ಹೆಚ್ಚು ಫಲಕಾರಿ. ಬೇಕಲ ಕೋಟೆ, ತೆಂಗಿನ ಸಾಲು, ಸೂರ್ಯಾಸ್ತ ಮುಂತಾದವನ್ನು ಆರಿಸಿಕೊಳ್ಳಬೇಡಿ ಎಂಬುದು ನನ್ನ ಸಲಹೆ. ಅವುಗಳ ಚಿತ್ರ ನಮ್ಮ ತಲೆಯಲ್ಲಿ ಮೊದಲೇ ಸಿದ್ಧವಾಗಿ ಕುಳಿತಿರುವುದರಿಂದ ನಾವು ನೋಡುವುದನ್ನೇ ಬಿಟ್ಟುಬಿಡುತ್ತೇವೆ.

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಎಣ್ಮಕಜೆ, ಪೆರ್ಲದ ಕಡೆ ಮಳೆ ನಿಂತ ಮೇಲೆ ಯಾವ ಮನೆಯ ಅಂಗಳಕ್ಕೆ ಹೋದರೂ ಅಡಕೆ ಹರಡಿರುತ್ತದೆ. ಚಾಲಿಗಾಗಿ, ಅಂದರೆ ಒಣಗಿಸಿ ಸುಲಿದ ಅಡಕೆಗಾಗಿ, ಹಣ್ಣಡಕೆಯನ್ನು ಬಿಸಿಲಿನಲ್ಲಿ ಸುಮಾರು 40 ದಿನ ಒಣಗಿಸುತ್ತಾರೆ. ಬೇರೆ ಬೇರೆ ಕೊಯ್ಲಿನ ಅಡಕೆ ಒಂದೇ ಅಂಗಳದಲ್ಲಿ ಅಕ್ಕಪಕ್ಕ ಬಿದ್ದಿರುವುದರಿಂದ ಒಂದು ಮೂಲೆಯಲ್ಲಿ ಹೊಳೆಯುವ ಕಿತ್ತಳೆ, ಅದರಾಚೆ ಮಾಸಿದ ಕಂದು, ಇನ್ನೊಂದು ಕಡೆ ಬೂದಿ ಬೆರೆತ ನಸುಹಳದಿ ಏಕಕಾಲದಲ್ಲಿ ಕಾಣುತ್ತವೆ. ಮನೆಯ ತಾರಸಿಗೆ ಹತ್ತಿ, ಸಂಜೆ ನಾಲ್ಕರ ಓರೆಬಿಸಿಲಿನಲ್ಲಿ ಅದನ್ನು ನೋಡಿ. ಹೊಸ ಅಡಕೆಗೂ ಹಳೆಯ ಅಡಕೆಗೂ ನಡುವೆ ಒಂದು ಗೇಣು ಸಿಮೆಂಟಿನ ನೆಲ ಬಿಟ್ಟಿದ್ದರೆ ಅಲ್ಲಿನ ಅಂಚು ಹರಿತವಾಗಿ ಕಾಣುತ್ತದೆ. ರಾಶಿಗಳು ಒಂದರೊಳಗೊಂದು ಹೊರಳಿಕೊಂಡಿದ್ದರೆ ಕಿತ್ತಳೆ ಎಲ್ಲಿ ಮುಗಿಯಿತು, ಕಂದು ಎಲ್ಲಿ ಆರಂಭವಾಯಿತು ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಅಡಕೆಯನ್ನು ಮಗುಚಲು ಯಾರಾದರೂ ಕಾಲೆಳೆದುಕೊಂಡು ನಡೆದಿದ್ದರೆ ಅದರ ಮೇಲೆ ಸಾಲುಸಾಲಾಗಿ ಗೀರುಗಳಿರುತ್ತವೆ, ಪ್ರತಿ ಗೀರಿನ ಒಂದು ಮಗ್ಗುಲು ಬೆಳಕಿಗೆ, ಇನ್ನೊಂದು ನೆರಳಿಗೆ ಬಿದ್ದಿರುತ್ತದೆ. ಇಡೀ ಅಂಗಳ ಒಂದು ದಿಕ್ಕಿಗೆ ಹರಿಯುತ್ತಿರುವಂತೆ ತೋರುವುದು ಈ ಗೀರುಗಳ ದೆಸೆಯಿಂದ.

ಇದನ್ನು ನೋಡುತ್ತ ಕಾಗದದ ಮೇಲೆ ಅಡಕೆಯನ್ನಾಗಲಿ ಅಂಗಳವನ್ನಾಗಲಿ ಬರೆಯಬೇಡಿ. ಬಣ್ಣ ಬದಲಾಗುವ ಗೆರೆಗಳನ್ನು ಮಾತ್ರ ಗುರುತಿಸಿಕೊಳ್ಳಿ. ಹರಿತವಾದ ಅಂಚಿಗೆ ಒತ್ತಿ ಎಳೆದ ಗೆರೆ, ಅರೆಮಸುಕಿನ ಅಂಚಿಗೆ ತುಂಡುಗೆರೆ, ಕರಗಿಹೋಗುವ ಅಂಚಿಗೆ ಅಡ್ಡಗೀರುಗಳು ಎಂದು ಮೂರು ಗುರುತುಗಳನ್ನು ಇಟ್ಟುಕೊಂಡರೆ ಈ ರೇಖಾಚಿತ್ರವೇ ಮುಂದೆ ನೇಯ್ಗೆಯ ನಕಾಶೆಯಾಗುತ್ತದೆ.

ಬಣ್ಣಕ್ಕಿಂತ ಮೊದಲು ಕಪ್ಪು ಬಿಳುಪು

ರೇಖಾಚಿತ್ರವನ್ನು ಕೃತಿಯ ನಿಜವಾದ ಅಳತೆಗೆ ದೊಡ್ಡದು ಮಾಡಿ, ಮೊದಲು ಪೆನ್ಸಿಲಿನಿಂದ ನಾಲ್ಕೇ ಮಟ್ಟಗಳಲ್ಲಿ ತುಂಬಿಸಿ: ಬಿಳಿ, ತಿಳಿಬೂದು, ಗಾಢಬೂದು, ಕಪ್ಪು. ಎರಡು ಬಣ್ಣಗಳು ಹೆಸರಿನಲ್ಲಿ ಎಷ್ಟೇ ಭಿನ್ನವಾಗಿದ್ದರೂ ಅವುಗಳ ತಿಳಿ-ಗಾಢತೆ ಒಂದೇ ಆಗಿದ್ದರೆ ನಡುವಿನ ಅಂಚು ದೂರಕ್ಕೆ ಅಳಿಸಿಹೋಗುತ್ತದೆ. ಕೆಂಪಿನ ಪಕ್ಕ ಅಷ್ಟೇ ಗಾಢವಾದ ಹಸಿರನ್ನಿಟ್ಟರೆ ಹತ್ತಿರದಿಂದ ಅಂಚು ನಡುಗಿದಂತೆ ಕಾಣುತ್ತದೆಯೇ ಹೊರತು ಆಕಾರ ಎದ್ದು ನಿಲ್ಲುವುದಿಲ್ಲ. ಆ ನಡುಕವೂ ಒಂದು ಬಗೆಯ ಚಲನೆಯೇ. ಬೇಕೆಂದು ಇಟ್ಟರೆ ಬಹಳ ಸೊಗಸು.

ನಮ್ಮ ಕಡೆಯ ರಂಗಸ್ಥಳದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. ತೆಂಕುತಿಟ್ಟು ಯಕ್ಷಗಾನದಲ್ಲಿ ರಾಕ್ಷಸರ ಬಣ್ಣದ ವೇಷ ಹಾಕುವವರು ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಚುಟ್ಟಿಯನ್ನು ಮುಖದ ಕೆಂಪು ಕಪ್ಪುಗಳ ಮೇಲೆ ಚುಕ್ಕೆಚುಕ್ಕೆಯಾಗಿ ಇಡುತ್ತಾರೆ. ಬಯಲಿನ ಕೊನೆಯ ಸಾಲಿನಲ್ಲಿ ಕುಳಿತವರಿಗೂ ರಾಕ್ಷಸನ ಹುಬ್ಬು, ಕೆನ್ನೆಗಳ ತಿರುವು ಕಾಣುವುದು ಆ ಬಿಳಿ ಅಂಚಿನಿಂದ. ಅದನ್ನು ತೆಗೆದರೆ ಮಂದ ಬೆಳಕಿನಲ್ಲಿ ಕೆಂಪು ಕಪ್ಪುಗಳೆರಡೂ ಒಂದರೊಳಗೊಂದು ಸೇರಿಕೊಂಡುಬಿಡುತ್ತವೆ.

ನಾಲ್ಕು ಮಟ್ಟದ ಚಿತ್ರ ಸಿದ್ಧವಾದಾಗ ಅತಿ ಬಿಳಿಯೂ ಅತಿ ಕಪ್ಪೂ ಒಂದನ್ನೊಂದು ಮುಟ್ಟುವ ಜಾಗ ಎಷ್ಟಿವೆ ಎಂದು ನೋಡಿಕೊಳ್ಳಿ. ಈ ಅಳತೆಯ ಕೃತಿಯಲ್ಲಿ ಎರಡೋ ಮೂರೋ ಇದ್ದರೆ ಸಾಕು. ಅವು ಮಧ್ಯದಲ್ಲಿ ಒಟ್ಟಾಗಿ ಗುಂಪುಗೂಡದೆ ಓರೆಯಾಗಿ ಚದುರಿರಲಿ. ಕಣ್ಣು ಒಂದರಿಂದ ಇನ್ನೊಂದಕ್ಕೆ ಹಾರುವ ದಾರಿಯೇ ಕೃತಿಯ ಮುಖ್ಯ ಚಲನೆಯಾಗುತ್ತದೆ. ಎಲ್ಲ ಅಂಚುಗಳನ್ನೂ ಹರಿತ ಮಾಡಿದರೆ ಕಣ್ಣು ಎಲ್ಲ ಕಡೆಯೂ ತಡೆದು, ಕೊನೆಗೆ ಎಲ್ಲಿಯೂ ನಿಲ್ಲದೆ ದಣಿಯುತ್ತದೆ.

ನೂಲು ಮತ್ತು ಬಣ್ಣದ ಆಯ್ಕೆ

ಫ್ರಾನ್ಸಿನ ಗೋಬಲೆನ್ ಟ್ಯಾಪೆಸ್ಟ್ರಿ ಕಾರ್ಖಾನೆಯಲ್ಲಿ 1824ರಿಂದ ಬಣ್ಣಗಾರಿಕೆಯ ಮೇಲ್ವಿಚಾರಣೆ ವಹಿಸಿದ್ದ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರಲ್ ಅವರ ಬಳಿಗೆ ಒಂದು ದೂರು ಬಂದಿತ್ತು. ನೀಲಿ ಮತ್ತು ನೇರಳೆ ಬಣ್ಣದ ಉಡುಪುಗಳ ನೆರಿಗೆಯಲ್ಲಿ ನೆರಳಿಗಾಗಿ ಬಳಸುವ ಕಪ್ಪು ನೂಲು ಸತ್ವವಿಲ್ಲದಂತೆ ಕಾಣುತ್ತದೆ, ಬಣ್ಣ ಹಾಕುವವರ ಕೆಲಸ ಸರಿಯಿಲ್ಲ ಎಂಬುದು ದೂರಿನ ಸಾರ. ಶೆವ್ರಲ್ ಅದೇ ಕಪ್ಪು ನೂಲನ್ನು ಬೇರೆ ಕಡೆಯ ಒಳ್ಳೆಯ ಕಪ್ಪುಗಳೊಡನೆ ಹೋಲಿಸಿ ನೋಡಿದಾಗ ನೂಲಿನಲ್ಲಿ ದೋಷವಿಲ್ಲವೆಂದು ತಿಳಿಯಿತು. ಪಕ್ಕದ ನೀಲಿಯೇ ಕಪ್ಪಿನ ತೋರಿಕೆಯನ್ನು ಬದಲಿಸುತ್ತಿತ್ತು. ಪಕ್ಕಪಕ್ಕದ ಬಣ್ಣಗಳು ಒಂದು ಇನ್ನೊಂದನ್ನು ತನ್ನ ವಿರುದ್ಧದ ಕಡೆಗೆ ತಳ್ಳುತ್ತವೆ ಎಂಬ ನಿಯಮವನ್ನು ಅವರು 1839ರಲ್ಲಿ ವಿಸ್ತಾರವಾಗಿ ಬರೆದು ಪ್ರಕಟಿಸಿದರು. ಮುಂದೆ ಚಿತ್ರಕಾರರಿಗೆ ದೊಡ್ಡ ಆಕರವಾದ ಈ ನಿಯಮ ಹುಟ್ಟಿದ್ದು ನೇಯ್ಗೆಯ ಮನೆಯಲ್ಲಿ ಎಂಬುದನ್ನು ಅನೇಕರು ಮರೆತಿದ್ದಾರೆ.

ನಮಗೆ ಇದರಿಂದ ಸಿಗುವ ಪಾಠ ಸರಳ. ನೂಲಿನ ಲಡಿಯನ್ನು ಅಂಗಡಿಯಲ್ಲಿ ಒಂಟಿಯಾಗಿ ನೋಡಿ ಕೊಳ್ಳಬಾರದು. ಎರಡು ಅಂಗುಲ ಅಗಲದ ರಟ್ಟಿನ ತುಂಡಿಗೆ ಬೇಕಾದ ಬಣ್ಣಗಳನ್ನು ಕೃತಿಯಲ್ಲಿ ಬರುವ ಪ್ರಮಾಣದಲ್ಲಿಯೇ ಪಕ್ಕಪಕ್ಕ ಸುತ್ತಿ, ಆರು ಅಡಿ ದೂರದಲ್ಲಿಟ್ಟು ನೋಡಬೇಕು. ಅದರ ಫೋಟೊವನ್ನು ಮೊಬೈಲಿನಲ್ಲಿ ತೆಗೆದು ಕಪ್ಪು ಬಿಳುಪಿಗೆ ಬದಲಿಸಿದರೆ ನಿಮ್ಮ ನಾಲ್ಕು ಮಟ್ಟಗಳು ನಿಂತಿವೆಯೋ ಕುಸಿದಿವೆಯೋ ಕೂಡಲೇ ಗೊತ್ತಾಗುತ್ತದೆ. ಕಿತ್ತಳೆ ಮತ್ತು ನಡುಹಸಿರು ಒಂದೇ ಬೂದಿಯಾಗಿ ಬಂದು ಬೆಚ್ಚಿಬೀಳಿಸುವುದುಂಟು.

ಬಣ್ಣಗಳ ಸಂಖ್ಯೆ ಕಡಿಮೆಯಿರಲಿ. ಗೋಬಲೆನ್‌ನಂಥ ಕಾರ್ಖಾನೆಗಳು ತೈಲವರ್ಣದ ಚಿತ್ರಗಳನ್ನು ಅನುಕರಿಸುವ ಹಂಬಲದಲ್ಲಿ ಸಾವಿರಾರು ಛಾಯೆಗಳಿಗೆ ಹೋಗಿದ್ದವು. ಇಪ್ಪತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಒಬ್ಯೂಸೋನ್ ಎಂಬ ಊರಿನ ನೇಕಾರರೊಡನೆ ಕೆಲಸ ಮಾಡಿದ ಚಿತ್ರಕಾರ ಜಾನ್ ಲ್ಯುರ್ಸಾ (1892–1966) ಅದಕ್ಕೆ ತಡೆಹಾಕಿ, ಮೊದಲೇ ಆಯ್ದ ಕೆಲವೇ ಬಣ್ಣಗಳಿಗೆ ಸಂಖ್ಯೆ ಕೊಟ್ಟು, ಆ ಸಂಖ್ಯೆಗಳನ್ನಷ್ಟೇ ನಕಾಶೆಯಲ್ಲಿ ಬರೆದುಕೊಡುವ ಪದ್ಧತಿಯನ್ನು ಬಳಕೆಗೆ ತಂದರು, ನೇಯ್ಗೆಯನ್ನೂ ಒರಟಾಗಿಸಿದರು. ಆಧುನಿಕ ಟ್ಯಾಪೆಸ್ಟ್ರಿಯ ಬಿಗಿ, ಧೈರ್ಯ ಎರಡೂ ಈ ಮಿತಿಯಿಂದ ಬಂದವು ಎಂದು ನಾನು ನಂಬುತ್ತೇನೆ. ನಮ್ಮ ಅಡಕೆಯಂಗಳಕ್ಕೆ ಗಾಢಕಂದು, ಮುರಕಲ್ಲಿನ (ಜಂಬಿಟ್ಟಿಗೆಯ) ಕೆಂಪು, ಕಿತ್ತಳೆ, ನಸುಹಳದಿ, ಬೂದಿ ಎಂಬ ಐದು ಬಣ್ಣ ಸಾಕು. ಆರನೆಯದಾಗಿ, ಇವುಗಳ ಗುಂಪಿಗೆ ಸೇರದ ಒಂದು ನೀಲಿಹಸಿರನ್ನು ಅತಿ ಕಡಿಮೆ ಪ್ರಮಾಣದಲ್ಲಿ ಇಟ್ಟುಕೊಳ್ಳಿ. ಇಡೀ ಕೃತಿ ಬಿಸಿಬಣ್ಣಗಳಿಂದ ತುಂಬಿದಾಗ ಎರಡು ಕಡೆ ಕಾಣಿಸಿಕೊಳ್ಳುವ ತಣ್ಣನೆಯ ಎಳೆ ಕಿತ್ತಳೆಯನ್ನು ಇನ್ನಷ್ಟು ಉರಿಸುತ್ತದೆ.

ಹೊಕ್ಕಿಗೆ ಉಣ್ಣೆಯೇ ಉತ್ತಮ. ಅದು ಒತ್ತಿದಾಗ ಕುಗ್ಗಿ ಹಾಸನ್ನು ಚೆನ್ನಾಗಿ ಮುಚ್ಚುತ್ತದೆ. ಕೈಮಗ್ಗದವರಲ್ಲಿ ಉಳಿಕೆಯ ಹತ್ತಿನೂಲು ಸಿಗುವುದಾದರೆ ಅದನ್ನೂ ಬಳಸಬಹುದು. ಆದರೆ ಸೀರೆಯ ನೂಲು ಬಹಳ ನಯವಾದ್ದರಿಂದ ಅನೇಕ ಎಳೆಗಳನ್ನು ಒಟ್ಟುಗೂಡಿಸಬೇಕಾಗುತ್ತದೆ, ಮತ್ತು ಹತ್ತಿ ಬೆಳಕನ್ನು ಹಿಡಿದುಕೊಳ್ಳದೆ ಹಿಂದಕ್ಕೆ ಚೆಲ್ಲುವುದರಿಂದ ಅದೇ ಕೆಂಪು ಉಣ್ಣೆಯಲ್ಲಿ ಆಳವಾಗಿಯೂ ಹತ್ತಿಯಲ್ಲಿ ಚಪ್ಪಟೆಯಾಗಿಯೂ ಕಾಣುತ್ತದೆ. ಒಟ್ಟು ಎಷ್ಟು ನೂಲು ಬೇಕೆಂದು ತಿಳಿಯಲು 4 ಅಂಗುಲ ಅಗಲ, 4 ಅಂಗುಲ ಎತ್ತರದ ಮಾದರಿಯೊಂದನ್ನು ನೇಯ್ದು, ಅದಕ್ಕೆ ಖರ್ಚಾದ ಹೊಕ್ಕನ್ನು ತೂಗಿ. ನಮ್ಮ ಕೃತಿಯ ವಿಸ್ತೀರ್ಣ ಅದರ 12 ಪಟ್ಟು. ಅರಿಸಿನದ ಬಣ್ಣ ಬೆಳಕಿಗೆ ಬೇಗ ಮಾಸುವುದರಿಂದ ಗೋಡೆಬಟ್ಟೆಗೆ ಅದು ಬೇಡ. ಸಂದೇಹವಿರುವ ಬಣ್ಣವನ್ನು ರಟ್ಟಿಗೆ ಸುತ್ತಿ, ಅರ್ಧಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿ, ಬೇಸಿಗೆಯಲ್ಲಿ ಒಂದು ತಿಂಗಳು ಕಿಟಕಿಯ ಬಿಸಿಲಿಗೆ ಇಟ್ಟು ನೋಡಿದರೆ ಅದರ ಗಟ್ಟಿತನ ತಿಳಿಯುತ್ತದೆ.

ಇನ್ನು ಬೆರಕೆ. ಟ್ಯಾಪೆಸ್ಟ್ರಿಯಲ್ಲಿ ಬಣ್ಣವನ್ನು ಬಟ್ಟಲಿನಲ್ಲಿ ಕಲಸಲಾಗದು. ಎಳೆಗಳನ್ನು ಜೊತೆಗೂಡಿಸಿ ಕಣ್ಣಿನಲ್ಲಿ ಕಲಸಬೇಕು. ಹೊಕ್ಕನ್ನು ಆರು ಸಣ್ಣ ಎಳೆಗಳ ಕಟ್ಟಾಗಿ ಮಾಡಿಕೊಂಡರೆ ಕಿತ್ತಳೆಯಿಂದ ಬೂದಿಗೆ ಹೋಗಲು ಆರೂ ಕಿತ್ತಳೆ, ಐದು ಕಿತ್ತಳೆಗೆ ಒಂದು ಬೂದಿ, ನಾಲ್ಕಕ್ಕೆ ಎರಡು ಎನ್ನುತ್ತ ಏಳು ಮೆಟ್ಟಿಲುಗಳು ಸಿಗುತ್ತವೆ. ಈ ಏಳನ್ನೂ ಸಮ ಅಗಲದಲ್ಲಿ ನೇಯ್ದರೆ ಬಣ್ಣ ನಿಧಾನವಾಗಿ, ಒಂದೇ ವೇಗದಲ್ಲಿ ಸಾಗಿದಂತಿರುತ್ತದೆ. ಮೊದಲ ಮೆಟ್ಟಿಲಿಗೆ ಎರಡು ಅಂಗುಲ, ಮುಂದಿನದಕ್ಕೆ ಒಂದೂವರೆ, ಆಮೇಲೆ ಒಂದು, ಅರ್ಧ, ಕಾಲು ಎಂದು ಕಿರಿದು ಮಾಡುತ್ತ ಹೋದರೆ ಬಣ್ಣ ವೇಗ ಪಡೆದು ಓಡಿ ಅಂಚಿಗೆ ಬಡಿದಂತೆ ತೋರುತ್ತದೆ. ನಡುವೆ ಎರಡು ಮೆಟ್ಟಿಲುಗಳನ್ನು ಬಿಟ್ಟುಬಿಟ್ಟರೆ ಅದು ಎಡವಿದಂತಾಗುತ್ತದೆ. ಬಣ್ಣದ ವೇಗವೆಂದರೆ ಇಷ್ಟೇ. ಇದರಲ್ಲಿ ಮಾಯೆ ಏನೂ ಇಲ್ಲ.

ಚೌಕಟ್ಟು ಮತ್ತು ಹಾಸು

ಗಟ್ಟಿಮರದ ರೀಪುಗಳಿಂದ ಸುಮಾರು 20 ಅಂಗುಲ ಅಗಲ, 28 ಅಂಗುಲ ಎತ್ತರದ ಚೌಕಟ್ಟನ್ನು ಮಾಡಿಸಿಕೊಳ್ಳಿ, ಮೂಲೆಗಳು ಅಲುಗಾಡಬಾರದು. ಹಾಸಿನ ಎಳೆಗೆ ಬಿಗಿಯಾಗಿ ಹೊಸೆದ, ಸುಮಾರು ಒಂದು ಮಿಲಿಮೀಟರು ದಪ್ಪದ ಹತ್ತಿಯ ಹುರಿ ಬೇಕು. ಕಡಲಕರೆಯ ಬಲೆ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ನೈಲಾನ್ ಹುರಿ ಜಗ್ಗುತ್ತದೆ ಮತ್ತು ಅದರ ಮೇಲೆ ಹೊಕ್ಕು ಜಾರುತ್ತದೆ, ಆದ್ದರಿಂದ ಬೇಡ. ಹುರಿಯನ್ನು ಮೇಲಿನ ಮತ್ತು ಕೆಳಗಿನ ರೀಪುಗಳಿಗೆ ಇಂಗ್ಲಿಷಿನ 8ರ ಆಕಾರದಲ್ಲಿ, ಅಂಗುಲಕ್ಕೆ ಆರು ಎಳೆ ಬರುವಂತೆ ಸುತ್ತಿ. 12 ಅಂಗುಲಕ್ಕೆ 72 ಎಳೆಗಳಾಗುತ್ತವೆ. ಬೆರಳಿನಿಂದ ಒತ್ತಿದರೆ ಎಲ್ಲ ಎಳೆಗಳೂ ಸಮಾನವಾಗಿ, ಸ್ವಲ್ಪವೇ ತಗ್ಗಬೇಕು. ಕೆಳಗೆ ಎರಡು ಸಾಲು ದಪ್ಪ ಹುರಿಯನ್ನು ಹೆಣೆದು ಎಳೆಗಳ ಅಂತರವನ್ನು ಸರಿಪಡಿಸಿಕೊಳ್ಳಿ. ಎಳೆಗಳ ನಡುವೆ ಬಾಯಿ ತೆರೆಯಲು ಒಂದು ಚಪ್ಪಟೆ ಪಟ್ಟಿ, ಒತ್ತಲು ಒಂದು ದಪ್ಪ ಹಲ್ಲಿನ ಬಾಚಣಿಗೆ ಅಥವಾ ಊಟದ ಫೋರ್ಕ್ ಇದ್ದರೆ ಕೆಲಸ ನಡೆಯುತ್ತದೆ. ನಕಾಶೆಯನ್ನು ಹಾಸಿನ ಹಿಂದೆ ಹಿಡಿದು, ಮುಖ್ಯ ಅಂಚುಗಳನ್ನು ಮಾಸದ ಶಾಯಿಯಿಂದ ಹಾಸಿನ ಎಳೆಗಳ ಮೇಲೆಯೇ ಗುರುತು ಹಾಕಿಕೊಳ್ಳಿ.

ಗುರುತು ಹಾಕುವ ಮೊದಲು ಒಂದು ಪ್ರಶ್ನೆ ಬಗೆಹರಿಯಬೇಕು. ಹೊಕ್ಕಿನ ಗೆರೆ ಯಾವಾಗಲೂ ಅಡ್ಡಲಾಗಿ ಹೋಗುವುದರಿಂದ ಟ್ಯಾಪೆಸ್ಟ್ರಿಗೆ ಅಡ್ಡ ಚಲನೆ ಸಹಜ, ಲಂಬ ಚಲನೆ ಕಷ್ಟ. ನಿಮ್ಮ ಚಿತ್ರದಲ್ಲಿ ಮೇಲೆ ಕೆಳಗೆ ಹರಿಯುವ ಗೆರೆಗಳೇ ಹೆಚ್ಚಾಗಿದ್ದರೆ, ಯುರೋಪಿನ ಹಳೆಯ ಕಾರ್ಖಾನೆಗಳ ಪದ್ಧತಿಯಂತೆ ನಕಾಶೆಯನ್ನು ಕಾಲುಸುತ್ತು ತಿರುಗಿಸಿ ಅಡ್ಡಲಾಗಿ ನೇಯ್ದು, ತೂಗುಹಾಕುವಾಗ ನೇರ ಮಾಡಿಕೊಳ್ಳಿ. ಆಗ ಎರಡು ಬಣ್ಣಗಳ ನಡುವೆ ಉಳಿಯುವ ಸೀಳುಗಳು ಅಡ್ಡ ಬರುವುದರಿಂದ ಬಟ್ಟೆಯ ಭಾರಕ್ಕೆ ಬಾಯಿಬಿಡದಂತೆ ಅವನ್ನು ಹೊಲಿಯಬೇಕಾಗುತ್ತದೆ. ನಮ್ಮ ಅಂಗಳದ ಗೀರುಗಳು ಓರೆಯಾಗಿರುವುದರಿಂದ ತಿರುಗಿಸುವ ಅಗತ್ಯವಿಲ್ಲ.

ನೇಯ್ಗೆ: ಅಂಚುಗಳನ್ನು ಕಟ್ಟುವುದು

ಹೊಕ್ಕು ಒಮ್ಮೆ ಹೋಗಿ ಮರಳಿದರೆ ಒಂದು ಸಾಲು ಎನ್ನೋಣ. ಎಳೆಯನ್ನು ನೇರವಾಗಿ ಎಳೆದು ಕೂರಿಸಬಾರದು. ಕಮಾನಿನಂತೆ ಬಾಗಿಸಿ ಬಿಟ್ಟು, ನಡುವಿನಿಂದ ಬದಿಗಳ ಕಡೆಗೆ ಬಾಚಣಿಗೆಯಿಂದ ಒತ್ತಬೇಕು. ಇಲ್ಲದಿದ್ದರೆ ಬಟ್ಟೆಯ ಸೊಂಟ ಒಳಕ್ಕೆ ಸೇರುತ್ತದೆ. ಅಂಗುಲಕ್ಕೊಮ್ಮೆ ಸ್ಕೇಲಿಟ್ಟು 12 ಅಂಗುಲ ಉಳಿದಿದೆಯೇ ಎಂದು ನೋಡುತ್ತಿರಿ. ಪಕ್ಕಪಕ್ಕದ ಎರಡು ಬಣ್ಣಗಳು ಯಾವಾಗಲೂ ಎದುರುಬದುರಾಗಿ ಚಲಿಸಬೇಕು, ಅಂದರೆ ಒಮ್ಮೆ ಪರಸ್ಪರ ಹತ್ತಿರ ಬರಬೇಕು, ಮರುಸಲ ದೂರ ಸರಿಯಬೇಕು. ಎರಡೂ ಒಂದೇ ದಿಕ್ಕಿಗೆ ಹೊರಟರೆ, ಅಂಚನ್ನು ಅತ್ತಿತ್ತ ಸರಿಸಿದ ಕೂಡಲೇ ಒಂದೇ ಹಾಸಿನ ಎಳೆಯ ಮೇಲೆ ಎರಡು ಹೊಕ್ಕು ಒಂದೇ ರೀತಿ ಬಿದ್ದು ಗಂಟಿನಂಥ ಕಲೆ ಏಳುತ್ತದೆ.

ಯಾವ ಆಕಾರವನ್ನು ಮೊದಲು ತುಂಬಬೇಕು ಎಂಬುದಕ್ಕೂ ನಿಯಮವುಂಟು. ಮೇಲಕ್ಕೆ ಹೋದಂತೆ ಕಿರಿದಾಗುವ ಆಕಾರ ಮೊದಲು, ಅದರ ಮೇಲೆ ಒರಗಿ ಅಗಲವಾಗುವ ಆಕಾರ ಆಮೇಲೆ. ಕ್ರಮ ತಪ್ಪಿದರೆ ಒರಗಿದ ಆಕಾರದ ಕೆಳಗೆ ಎಳೆಗಳ ಬಾಯಿ ತೆರೆಯಲು ದಾರಿಯೇ ಇರುವುದಿಲ್ಲ.

ಓರೆಯ ಕೋನ ನಿಮ್ಮ ಸಾಲುಗಳ ಲೆಕ್ಕದಿಂದ ಬರುತ್ತದೆ. ಅಂಗುಲಕ್ಕೆ ಆರು ಹಾಸು, ಹನ್ನೆರಡು ಸಾಲು ಕೂರುತ್ತಿದ್ದರೆ ಪ್ರತಿ ಎರಡು ಸಾಲಿಗೆ ಒಂದು ಹಾಸಿನಷ್ಟು ಅಂಚನ್ನು ಸರಿಸಿದಾಗ 45 ಡಿಗ್ರಿಯ ಓರೆ ಸಿಗುತ್ತದೆ. ಪ್ರತಿ ಸಾಲಿಗೂ ಒಂದು ಹಾಸು ಸರಿಸಿದರೆ ಓರೆ ಸುಮಾರು 27 ಡಿಗ್ರಿಗೆ ಮಲಗುತ್ತದೆ. ನಾಲ್ಕು ಸಾಲಿಗೆ ಒಂದು ಹಾಸಾದರೆ ಸುಮಾರು 63 ಡಿಗ್ರಿಗೆ ಎದ್ದು ನಿಲ್ಲುತ್ತದೆ. ಮಲಗಿದ ಓರೆ ನಯವಾಗಿಯೂ ಎದ್ದುನಿಂತ ಓರೆ ಮೆಟ್ಟಿಲುಮೆಟ್ಟಿಲಾಗಿಯೂ ಕಾಣುವುದು ಸಹಜ. ಅಡಕೆಯಂಗಳದ ಗೀರುಗಳಿಗೆ ನಾನು ಆರಿಸುವುದು ಮಲಗಿದ ಓರೆಯನ್ನು. ಆದರೆ ಒಂದೇ ಓರೆಯ ಪಟ್ಟಿಗಳನ್ನು ಕೆಳಗಿನಿಂದ ಮೇಲಿನವರೆಗೆ ಹಾಕಿದರೆ ಅದು ಸಿಪಾಯಿಗಳ ಕವಾಯತಿನಂತಾಗುತ್ತದೆ. ಕೆಳಗೆ 27ರಿಂದ ಆರಂಭಿಸಿ, ನಡುವೆ ಸಾಲುಗಳನ್ನು ಹೆಚ್ಚಿಸುತ್ತ ಓರೆಯನ್ನು ಎಬ್ಬಿಸಿ, ಮೇಲ್ಗಡೆ ಮತ್ತೆ ಮಲಗಿಸಿ. ಗೆರೆ ಬಾಗಿಲ್ಲದಿದ್ದರೂ ಚಲನೆ ಬಾಗುತ್ತದೆ.

ಈಗ ರೇಖಾಚಿತ್ರದ ಮೂರು ಗುರುತುಗಳಿಗೆ ಬರೋಣ. ಒತ್ತಿ ಎಳೆದ ಗೆರೆಗೆ ಸೀಳು ನೇಯ್ಗೆ ಸರಿಹೋಗುತ್ತದೆ. ಎರಡು ಬಣ್ಣಗಳೂ ಪಕ್ಕಪಕ್ಕದ ಹಾಸಿನ ಎಳೆಗಳಿಂದ ಹಿಂದಿರುಗುವುದರಿಂದ ನಡುವೆ ಲಂಬವಾದ ಸೀಳು ಉಳಿದು, ಅದರೊಳಗಿನ ನೆರಳು ಅಂಚನ್ನು ಚಾಕುವಿನಿಂದ ಕೊಯ್ದಷ್ಟು ಹರಿತ ಮಾಡುತ್ತದೆ. 1927ರಿಂದ 1931ರವರೆಗೆ ಜರ್ಮನಿಯ ಬೌಹೌಸ್ ಕಲಾಶಾಲೆಯ ನೇಯ್ಗೆ ವಿಭಾಗವನ್ನು ನಡೆಸಿದ ಗುಂಟಾ ಶ್ಟೋಲ್ಜಲ್ ಅವರು ಕೆಂಪು ಹಸಿರುಗಳನ್ನು ಮುಖಾಮುಖಿಯಾಗಿಸಿ 1927–28ರಲ್ಲಿ ನೇಯ್ದ ಪ್ರಸಿದ್ಧ ಕೃತಿ ಈ ಸೀಳು ನೇಯ್ಗೆಯದೇ. ಸೀಳು ಅರ್ಧ ಅಂಗುಲ ಮೀರಿದರೆ ಹಿಂದಿನಿಂದ ಸೂಜಿಯಲ್ಲಿ ಹೊಲಿದುಬಿಡಿ.

ತುಂಡುಗೆರೆಯ ಅಂಚಿಗೆ ಎರಡು ಬಣ್ಣಗಳನ್ನು ನಡುವೆ ಒಂದರೊಳಗೊಂದು ಕೊಂಡಿಹಾಕಿ ತಿರುಗಿಸಿ, ಅಥವಾ ಎರಡೂ ಒಂದೇ ಹಾಸಿನ ಎಳೆಯನ್ನು ಸರದಿಯಂತೆ ಸುತ್ತಿ ಬರಲಿ. ಎರಡನೆಯ ವಿಧಾನದಲ್ಲಿ ಅಂಚು ಗರಗಸದ ಹಲ್ಲಿನಂತೆ ಮೂಡುತ್ತದೆ, ಆ ಹಾಸಿನ ಮೇಲೆ ನೂಲು ಸ್ವಲ್ಪ ದಪ್ಪಗಟ್ಟುತ್ತದೆ. ತುಂಬ ಉದ್ದದ ಅಂಚಿಗೆ ಅದು ಒಳ್ಳೆಯದಲ್ಲ.

ಕರಗುವ ಅಂಚು ಟ್ಯಾಪೆಸ್ಟ್ರಿಯ ಜೀವ. ಅಲ್ಲಿ ಕಿತ್ತಳೆಯನ್ನು ಒಂದು ಸಾಲಿನಲ್ಲಿ ಕಂದಿನ ಕಡೆಗೆ ಆರು ಹಾಸು ಮುಂದೆ ಕಳುಹಿಸಿ, ಮುಂದಿನ ಸಾಲಿನಲ್ಲಿ ಎರಡು ಹಾಸು ಹಿಂದಕ್ಕೆ ತಂದು, ಮತ್ತೆ ಒಂಬತ್ತು ಹಾಸು ಮುಂದೆ ಬಿಟ್ಟು, ಹಾಗೆ ಏರಿಳಿತದಲ್ಲಿ ಒಂದರ ಸೀಮೆಗೆ ಇನ್ನೊಂದನ್ನು ನುಗ್ಗಿಸಬೇಕು. ಹತ್ತಿರದಿಂದ ಬಾಚಣಿಗೆಯ ಹಲ್ಲುಗಳಂತೆ ತೆಳ್ಳನೆಯ ಅಡ್ಡಗೆರೆಗಳು ಕಾಣುತ್ತವೆ, ದೂರದಿಂದ ಮೂರನೆಯ ಬಣ್ಣವೊಂದು ಹುಟ್ಟುತ್ತದೆ. ನೋಡುವವರು ಹತ್ತಿರ ಬಂದಂತೆ ಆ ಮೂರನೆಯ ಬಣ್ಣ ಒಡೆದು ಎರಡಾಗುವುದರಿಂದ, ಕೃತಿ ಅವರ ನಡಿಗೆಗೆ ತಕ್ಕಂತೆ ಬದಲಾಗುತ್ತದೆ. ಹಲ್ಲುಗಳ ಉದ್ದವನ್ನು ಸಮವಾಗಿ ಇಡುವುದು ಅನೇಕರ ಅಭ್ಯಾಸ, ಅದು ಬೇಡ. ಅಡಕೆ ರಾಶಿಯ ಅಂಚಿನಲ್ಲಿ ಒಂಟಿ ಅಡಕೆಗಳು ದೂರ ಉರುಳಿ ಬಿದ್ದಿರುವಂತೆ ಒಂದೆರಡು ಹಲ್ಲುಗಳು ಉಳಿದವನ್ನು ಬಿಟ್ಟು ಬಹಳ ಮುಂದೆ ಹೋಗಲಿ.

ಇವಲ್ಲದೆ ಎರಡು ಸಣ್ಣ ಉಪಾಯಗಳಿವೆ. ಒಂದು ಬಣ್ಣ ಹೋದ ಮೇಲೆ ಇನ್ನೊಂದು ಬಣ್ಣ ಮರಳುವಂತೆ ಒಂದೊಂದೇ ಎಳೆಯಾಗಿ ಬದಲಿಸಿದರೆ ತೆಳ್ಳನೆಯ ಲಂಬ ಗೀಟುಗಳು ಏಳುತ್ತವೆ. ಪ್ರತಿ ಬಣ್ಣಕ್ಕೂ ಒಂದೊಂದು ಪೂರ್ತಿ ಸಾಲು ಕೊಟ್ಟು ಬದಲಿಸಿದರೆ ಅಲೆಯಂಥ ಅಡ್ಡಗೆರೆಗಳು ಬರುತ್ತವೆ. ಅಡ್ಡ ಹರಿಯುವ ಕೃತಿಯ ನಡುವೆ ಲಂಬ ಗೀಟಿನ ಒಂದು ಸಣ್ಣ ಚೌಕ ಇಟ್ಟರೆ ಹರಿವಿಗೆ ಅಡ್ಡಗಟ್ಟೆ ಹಾಕಿದಂತಾಗುತ್ತದೆ. ನೀಲಿಹಸಿರನ್ನು ನಾನು ಸೇರಿಸುವುದು ಅಲ್ಲಿಯೇ.

ಹೊಕ್ಕನ್ನೇ ಬಾಗಿಸುವುದು

ಹೊಕ್ಕು ಹಾಸಿನ ಎಳೆಗೆ ಲಂಬವಾಗಿಯೇ ಇರಬೇಕೆಂಬ ಕಟ್ಟಳೆಯಿಲ್ಲ. ಮೊದಲು ಒಂದು ದಿಬ್ಬದ ಆಕಾರವನ್ನು ನೇಯ್ದು, ಮುಂದಿನ ಸಾಲುಗಳನ್ನು ಆ ದಿಬ್ಬದ ಬೆನ್ನಿನ ಮೇಲೆಯೇ ಬಾಗಿಸಿ ಹಾಯಿಸಿದರೆ ಎಳೆಯೇ ಗೆರೆಯಾಗಿ ಹರಿಯುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಜ್ಯೂರಿಕ್‌ನಲ್ಲಿ ಬಣ್ಣಗಳ ಸಿದ್ಧಾಂತಕ್ಕೆ ಹೆಸರಾದ ಕಲಾವಿದ ಯೋಹಾನ್ನೆಸ್ ಇಟ್ಟೆನ್ ಅವರ ಬಳಿ ಕಲಿತು, ಮುಂದೆ ಅಮೆರಿಕದಲ್ಲಿ ನೆಲೆಸಿ ನೇಯ್ದ ಸಿಲ್ವಿಯಾ ಹೈಡನ್ (1927–2015) ಈ ಹಾದಿಯಲ್ಲಿ ಬಹಳ ದೂರ ಹೋದವರು. ಚಿತ್ರವೊಂದನ್ನು ನೂಲಿನಲ್ಲಿ ನಕಲು ಮಾಡುವ ಬದಲು, ತ್ರಿಕೋನ ಮತ್ತು ಅರ್ಧವೃತ್ತಗಳಂಥ, ನೇಯ್ಗೆಯಿಂದಲೇ ಹುಟ್ಟುವ ಆಕಾರಗಳನ್ನು ಒಂದರ ಮೇಲೊಂದು ಕಟ್ಟುತ್ತ ಚಲನೆಯನ್ನು ಮೂಡಿಸುವುದು ಅವರ ಮಾರ್ಗ. ಪಿಟೀಲು ನುಡಿಸುತ್ತಿದ್ದ ಅವರ ಕೃತಿಗಳಲ್ಲಿ ಲಯ ಎದ್ದುಕಾಣುವುದು ಆಕಸ್ಮಿಕವಲ್ಲ.

ಬಾಗಿದ ಹೊಕ್ಕಿಗೆ ಸಾಮಾನ್ಯ ಸಾಲಿಗಿಂತ ಹೆಚ್ಚು ಸಡಿಲ ಬೇಕು, ಮತ್ತು ದಿಬ್ಬದ ಇಳಿಜಾರು 45 ಡಿಗ್ರಿ ಮೀರದಿರುವುದು ಕ್ಷೇಮ. ಇಳಿಜಾರು ಕಡಿದಾದರೆ ಹೊಕ್ಕು ಕೆಳಕ್ಕೆ ಜಾರುತ್ತದೆ, ಹಾಸು ಬಿಳಿಯಾಗಿ ಇಣುಕುತ್ತದೆ, ಚೌಕಟ್ಟಿನಿಂದ ಬಿಚ್ಚಿದ ಮೇಲೆ ಬಟ್ಟೆ ಅಲ್ಲಲ್ಲಿ ಉಬ್ಬಿಕೊಳ್ಳುತ್ತದೆ. ನಾಲ್ಕೈದು ಬಾಗಿದ ಸಾಲುಗಳಾದ ಮೇಲೆ ತಗ್ಗುಗಳನ್ನು ತುಂಬಿ ಮತ್ತೆ ಸಮತಲಕ್ಕೆ ಬನ್ನಿ. ನಮ್ಮ ಕೃತಿಯಲ್ಲಿ ಕಾಲೆಳೆದ ಗೀರುಗಳಿಗೆ ಇದು ಹೇಳಿ ಮಾಡಿಸಿದ ವಿಧಾನ: ಗಾಢಕಂದಿನ ಒಂದು ಸಾಲು, ಅದಕ್ಕೆ ಅಂಟಿಕೊಂಡು ನಸುಹಳದಿಯ ಎರಡು ಸಾಲು, ಎರಡೂ ಒಂದೇ ಬಾಗಿನಲ್ಲಿ. ಬೆಳಕಿನ ಮಗ್ಗುಲು ಯಾವ ಕಡೆಗಿದೆಯೆಂದು ಮೊದಲೇ ನಿಶ್ಚಯಿಸಿಕೊಂಡು ಕೊನೆಯವರೆಗೆ ಅದನ್ನು ಬದಲಿಸಬೇಡಿ.

ಪ್ರತಿ ಮೂರು ನಾಲ್ಕು ಅಂಗುಲಕ್ಕೊಮ್ಮೆ ಚೌಕಟ್ಟನ್ನು ಗೋಡೆಗೆ ಒರಗಿಸಿ, ಕೋಣೆಯ ಆಚೆ ತುದಿಗೆ ಹೋಗಿ ಕಣ್ಣು ಅರೆಮುಚ್ಚಿ ನೋಡಿ. ಆಗ ನಿಮ್ಮ ಕಣ್ಣು ಒಂದೇ ಜಾಗಕ್ಕೆ ಮತ್ತೆ ಮತ್ತೆ ಮರಳಿ ಅಲ್ಲೇ ಅಂಟಿಕೊಂಡರೆ, ಆ ಜಾಗದ ಒಂದು ಅಂಚು ಅಗತ್ಯಕ್ಕಿಂತ ಹರಿತವಾಗಿದೆ ಎಂದರ್ಥ. ಎರಡು ಅಂಗುಲ ಬಿಚ್ಚಿ ಅದನ್ನು ಕರಗಿಸಲು ಹಿಂಜರಿಯಬೇಡಿ. ಕೃತಕ ದೀಪದಲ್ಲಿ ಸಂಜೆ ನೇಯ್ದ ಭಾಗವನ್ನು ಮರುದಿನ ಹಗಲಿನಲ್ಲಿ ಪರಿಶೀಲಿಸಿದ ಮೇಲೆಯೇ ಮುಂದುವರಿಯಿರಿ. ಹಳದಿ ದೀಪದಡಿ ನಸುಹಳದಿಗೂ ಬೂದಿಗೂ ನಡುವಿನ ಅಂತರ ತಿಳಿಯುವುದಿಲ್ಲ.

ಬಿಚ್ಚುವುದು, ತೂಗುಹಾಕುವುದು, ಮಳೆಗಾಲ

ಮೇಲ್ಗಡೆಯೂ ಎರಡು ಸಾಲು ಹುರಿ ಹೆಣೆದು ಹಾಸನ್ನು ಕತ್ತರಿಸಿ, ಎಳೆಗಳನ್ನು ಎರಡೆರಡಾಗಿ ಗಂಟುಹಾಕಿ ಹಿಂದಕ್ಕೆ ಮಡಚಿ ಹೊಲಿಯಿರಿ. ಬಟ್ಟೆಯನ್ನು ಮುಖ ಕೆಳಗಾಗಿ ದಪ್ಪ ಟವೆಲಿನ ಮೇಲಿಟ್ಟು, ಒದ್ದೆಬಟ್ಟೆಯ ಮೂಲಕ ಇಸ್ತ್ರಿಯ ಹಬೆ ಕೊಟ್ಟರೆ ಸಣ್ಣಪುಟ್ಟ ಉಬ್ಬುಗಳು ಕೂರುತ್ತವೆ. ಇಸ್ತ್ರಿಪೆಟ್ಟಿಗೆಯನ್ನು ಎಳೆದಾಡಬೇಡಿ, ಎತ್ತಿ ಎತ್ತಿ ಇಡಿ. ಹಿಂದೆ ಮೇಲ್ತುದಿಗೆ ಹತ್ತಿಬಟ್ಟೆಯ ನಳಿಗೆ ಹೊಲಿದು ಅದರೊಳಗೆ ಒಂದು ಪಟ್ಟಿ ತೂರಿಸಿದರೆ ಭಾರ ಸಮನಾಗಿ ಹಂಚಿಹೋಗುತ್ತದೆ.

ಬೆಳಕು ಎದುರಿನಿಂದ ಬೀಳುವುದಕ್ಕಿಂತ ಪಕ್ಕದಿಂದ ಬೀಳುವ ಗೋಡೆ ಒಳ್ಳೆಯದು. ಬಾಗಿದ ಹೊಕ್ಕುಗಳ ಏರುತಗ್ಗು, ಸೀಳುಗಳ ನೆರಳು ಎರಡೂ ಓರೆಬೆಳಕಿನಲ್ಲಿ ಮಾತ್ರ ಪೂರ್ತಿ ಕಾಣುತ್ತವೆ. ಆದರೆ ನೇರ ಬಿಸಿಲು ತಾಗಬಾರದು. ತುಂಬ ಮಂದ ಬೆಳಕಿನ ಜಗಲಿಯಲ್ಲಿ ಕೆಂಪು ಬಣ್ಣಗಳು ಕಪ್ಪಿಗೆ ತಿರುಗಿ ನೀಲಿಹಸಿರು ಮುಂದಕ್ಕೆ ಬರುತ್ತದೆ. ಅಂಥ ಜಾಗಕ್ಕೆಂದು ನೇಯುವುದಾದರೆ ಕೆಂಪನ್ನು ಒಂದು ಮಟ್ಟ ತಿಳಿಯಾಗಿಸಿ ಆರಿಸಬೇಕು.

ಜೂನ್ ಬಂದರೆ ನಮ್ಮ ಗೋಡೆಗಳು ಬೆವರುತ್ತವೆ. ಕೃತಿಯ ಪಟ್ಟಿಗೂ ಗೋಡೆಗೂ ನಡುವೆ ಅರ್ಧ ಅಂಗುಲ ದಪ್ಪದ ಮರದ ಬಿಲ್ಲೆಗಳನ್ನಿಟ್ಟು ಗಾಳಿಯಾಡಲು ಬಿಡಿ. ಮುರಕಲ್ಲಿನ ಹೊರಗೋಡೆಯ ಮೇಲೆ ಮಳೆ ಹೊಡೆಯುವ ಕಡೆ ಅದೂ ಸಾಲದು. ಆ ನಾಲ್ಕು ತಿಂಗಳು ಕೃತಿಯನ್ನು ಇಳಿಸಿಡುವುದೇ ಸರಿ. ಮಡಚಬೇಡಿ. ದಪ್ಪನೆಯ ಪಿವಿಸಿ ಕೊಳವೆಗೆ ಒಗೆದ ಹಳೆಯ ಹತ್ತಿಬಟ್ಟೆ ಸುತ್ತಿ, ಅದರ ಮೇಲೆ ಟ್ಯಾಪೆಸ್ಟ್ರಿಯನ್ನು ಚಿತ್ರ ಹೊರಮುಖವಾಗಿರುವಂತೆ ಹಾಸಿನ ದಿಕ್ಕಿನಲ್ಲಿ ಸುರುಳಿ ಸುತ್ತಿ, ಮತ್ತೊಂದು ಹತ್ತಿಬಟ್ಟೆಯಿಂದ ಮುಚ್ಚಿ. ಪ್ಲಾಸ್ಟಿಕ್ ಚೀಲದೊಳಗೆ ತೇವ ಸಿಕ್ಕಿಕೊಂಡು ಬೂಷ್ಟು ಹಿಡಿಯುತ್ತದೆ. ಉಣ್ಣೆಗೆ ಹುಳ ಬೀಳದಂತೆ ನುಸಿಗುಳಿಗೆಯನ್ನು ಬಟ್ಟೆಯಲ್ಲಿ ಕಟ್ಟಿ, ನೂಲಿಗೆ ನೇರವಾಗಿ ತಾಗದಂತೆ ಪಕ್ಕದಲ್ಲಿಡಿ. ಜುಲೈ–ಆಗಸ್ಟ್ ಹೊತ್ತಿನ ಆಟಿ ತಿಂಗಳಿನಲ್ಲಿ ಎಳೆಬಿಸಿಲು ಬಿದ್ದ ದಿನ ಸಿಕ್ಕರೆ ಸುರುಳಿ ಬಿಚ್ಚಿ, ನೆರಳಿನಲ್ಲಿ ಎರಡು ಗಂಟೆ ಗಾಳಿಗೆ ಹಾಕಿ, ಹಿಂಬದಿಯನ್ನು ಮೃದುವಾದ ಬ್ರಷ್‌ನಿಂದ ಉಜ್ಜಿ, ಈ ಸಲ ಇನ್ನೊಂದು ತುದಿಯಿಂದ ಸುತ್ತಿಡಿ.